ಹೋದ ಕರೆಂಟು, ತೆಗೆದ ಕರೆಂಟು

ಪುಟ್ಟಸ್ವಾಮಣ್ಣನ ಎದುರು ‘ಕರೆಂಟು ಹೋಯ್ತು’ ಅಂದರೆ ಮುಗೀತು, ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಿಂತುಬಿಡುತ್ತಿದ್ದ.

“ಓಯ್ತಾ, ನೀನ್ ತೆಗ್ದ್ಯಾ? ಅದ್ ಯೋಳು ಮೊದ್ಲು.”

ಬಿಡದಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೋಟಾರ್‌ಗಳನ್ನು ನೋಡಿಕೊಳ್ಳುತ್ತಿದ್ದವನು ಅವನು. ಊರು ಹೊಂಗನೂರು. ನಾನು ಅಲ್ಲೇ ಸೂಪರ್‌ವೈಸರ್, ಅಂದರೆ ಬೇರೆಯವರ ಕೆಲಸಕ್ಕೆ ಅವಸರ ಮಾಡುವವನು. ಮೋಟಾರ್ ಬಿಚ್ಚುವ ಮುಂಚೆ ಅವನು ಟೆಸ್ಟರನ್ನು ಕರೆಂಟಿರುವ ಇನ್ನೊಂದು ಕಡೆ ಇಟ್ಟು ನೋಡುತ್ತಿದ್ದ. ಯಾಕಣ್ಣಾ ಅಂದರೆ, “ಟೆಸ್ಟರ್ ಸತ್ತಿದ್ರೂ ಮೋಟ್ರು ಸತ್ತಂಗೇ ಕಾಣ್ತದೆ ಕಣ್ಲಾ” ಅನ್ನುತ್ತಿದ್ದ. ನನಗೆ ಇದೆಲ್ಲ ಕಾಲಹರಣ ಅನ್ನಿಸುತ್ತಿತ್ತು.

ಒಂದು ದಿನ ಕನ್ವೇಯರ್ ಮೋಟಾರಿನ ಬೆಲ್ಟು ಬದಲಾಯಿಸಬೇಕಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಒಳ್ಳೆಯದೇ ಆಯಿತೆಂದು ನಾನೇ ಬೆಲ್ಟಿಗೆ ಕೈ ಹಾಕಲು ಬಗ್ಗಿದೆ. ಪುಟ್ಟಸ್ವಾಮಣ್ಣ ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದ.

“ಸೂಪ್ರೇಜರಂತೆ. ಓಗಿರೋದು ಯಾವಾಗ್ಲಾದ್ರೂ ಬತ್ತದೆ. ನಾನು ತೆಗ್ದು ಸ್ವಿಚ್ಗೆ ಬೀಗ ಹಾಕುದ್ರೆ, ನಾನ್ ಕೊಟ್ರೇನೇ ಬರಾದು.”

ಬೈಗುಳ ಮುಗಿದಿರಲಿಲ್ಲ, ಜನರೇಟರ್ ಶುರುವಾಯಿತು. ಸ್ವಿಚ್ ಆನ್‌ನಲ್ಲೇ ಇತ್ತು. ಬೆಲ್ಟು ಸರ್ರನೆ ತಿರುಗಿತು. ನಾನು ನನ್ನ ಬೆರಳು ನೋಡಿಕೊಂಡೆ.

ಹೋದ ವರ್ಷ ಪಂಪಿನ ಮೋಟಾರಿಗೆ ಹೊಸ ಬೇರಿಂಗ್ ಹಾಕುವಾಗ ಅವನಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದು, ಹಟ ಮಾಡಿ ಮನೆ ಸೇರಿದ. ಸ್ವಿಚ್‌ಗೆ ಹಾಕಿದ್ದ ಬೀಗ ಹಾಗೇ ಉಳಿಯಿತು, ಕೀ ಅವನ ಉಡುದಾರದಲ್ಲಿ. ಮಿಕ್ಕ ಕೆಲಸ ಫಿಟ್ಟರ್ ನಾಗರಾಜ ಮುಂದುವರಿಸಿದ. ಎರಡನೇ ದಿನ ಮ್ಯಾನೇಜರ್, “ಬೀಗ ಒಡೆದು ಲೈನ್ ಓಡಿಸಿ” ಎಂದರು. ನನಗೆ ಒಡೆಯಲು ಮನಸ್ಸು ಬರಲಿಲ್ಲ. ಬೈಕ್ ಹತ್ತಿ ಹೊಂಗನೂರಿಗೆ ಹೋದೆ.

ಜಗಲಿಯ ಮಂಚದ ಮೇಲೆ ಮಲಗಿದ್ದ. ಎರಡೇ ದಿನಕ್ಕೆ ಮುಖ ಇಳಿದುಹೋಗಿತ್ತು.

“ಕೆಲಸ ಮುಗೀತಣ್ಣ. ಕೀ ಕೊಡು.”

“ಎಲ್ರೂ ಕೈ ಆಚ್ಗೆ ತೆಗ್ದವ್ರಾ? ನೀನೇ ನೋಡ್ದ್ಯಾ?”

ನೋಡಿರಲಿಲ್ಲ. ಮುಗಿದಿರುತ್ತದೆ ಅಂದುಕೊಂಡು ಬಂದಿದ್ದೆ.

“ಪೋನ್ ಮಾಡು.”

ಸ್ಪೀಕರ್ ಹಾಕಿದೆ. ನಾಗರಾಜ ಉಸಿರು ಬಿಗಿಹಿಡಿದು ಮಾತಾಡಿದ: “ಒಸಿ ತಡೀರಿ ಸಾ. ನಟ್ ಒಂದ್ ಒಳೀಕ್ ಬಿದ್ದೋಯ್ತು, ಕೈ ಒಳಗೈತೆ.”

ನಾನು ತಲೆ ತಗ್ಗಿಸಿದೆ. ಪುಟ್ಟಸ್ವಾಮಣ್ಣ ನನ್ನನ್ನು ಬೈಯಲಿಲ್ಲ. ಹೆಂಡತಿಯ ಕಡೆ ತಿರುಗಿ, “ಇವ್ನಿಗ್ ಕಾಪಿ ಕೊಡಮ್ಮಿ, ಒಸಿ ಒತ್ತು ಕುಂತಿರ್ತಾನೆ” ಎಂದ.

ಅರ್ಧ ಗಂಟೆಯ ಮೇಲೆ ನಾಗರಾಜನೇ ಫೋನ್ ಮಾಡಿದ. ಅಲ್ಲಿದ್ದ ಮೂವರೂ ಒಬ್ಬೊಬ್ಬರಾಗಿ ಹೆಸರು ಹೇಳಿ, ಕೈ ಆಚೆಗಿದೆ ಎನ್ನುವವರೆಗೆ ಪುಟ್ಟಸ್ವಾಮಣ್ಣ ಬಿಡಲಿಲ್ಲ. ಆಮೇಲೆ ಉಡುದಾರದ ಗಂಟು ಬಿಚ್ಚಿ ಕೀ ಕೊಟ್ಟ.

ಬೀಗವನ್ನೂ ಕೀಯನ್ನೂ ಅವನ ಕೈಗೇ ವಾಪಸ್ ಕೊಡಬೇಕೆಂದು ಹದಿನೈದು ದಿನ ಬಿಟ್ಟು ಹೋದೆ. ಜಗಲಿಯ ಮಂಚ ಎತ್ತಿಟ್ಟಿದ್ದರು. ಆ ಜಾಗದಲ್ಲಿ ಅವನ ಫೋಟೋಗೆ ಹಾರ ಹಾಕಿ ದೀಪ ಹಚ್ಚಿದ್ದರು.