ಕ್ಯಾಲೆಂಡರಿನ ಮೇಲೆ ಕುಂಕುಮ

ಚಿಂಚೋಳಿಯಾಚೆ, ತೆಲಂಗಾಣದ ಗಡಿಗೆ ಹತ್ತಿಕೊಂಡಿರುವ ನಮ್ಮೂರಿಗೆ ಅಮಲಿನ ಪುಡಿ ಬೆರೆಸಿದ ಸೇಂದಿ ಮೋಟಾರ್ ಸೈಕಲ್ ಮೇಲೆ ಬರುತ್ತಿತ್ತು. ಕುಡಿಯುವವರಲ್ಲಿ ನನ್ನ ಅಣ್ಣನೂ ಒಬ್ಬ. ಆಗಾಗ ಅವರಲ್ಲಿ ಯಾರಿಗಾದರೂ ಫಿಟ್ಸ್ ಬರುತ್ತಿತ್ತು. ಒಬ್ಬ ಸತ್ತೇ ಹೋದ. ಊರು ಅಮಾವಾಸ್ಯೆಯ ಗಾಳಿ ಎಂದು ನಂಬಿ ಲಿಂಬೆಹಣ್ಣು ನಿವಾಳಿಸುತ್ತಿತ್ತು.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂಥ ಒಂದು ಸೋಮವಾರ ಊರಿನ ಮಹಿಳಾ ಸಂಘದ ಹೆಂಗಸರು ಸೇರಿ, ನಾಳೆಯಿಂದ ಸೇಂದಿಯವನನ್ನು ಊರೊಳಗೆ ಬಿಡುವುದೇ ಬೇಡ ಎಂದು ತೀರ್ಮಾನಿಸಿದರು. ಆರೋಗ್ಯ ಕಾರ್ಯಕರ್ತೆಯಾದ ನಾನು ಖುಷಿಪಡಬೇಕಿತ್ತು. ಆದರೆ ನನ್ನದು ಎಲ್ಲದಕ್ಕೂ ತಕರಾರು ತೆಗೆಯುವ ಬಾಯಿ.

"ಅದಕ್ಕೂ ಮೊದಲ, ಫಿಟ್ಸ್ ಯಾವಾಗ್ಯಾವಾಗ ಬಂದಾವ ನೋಡೂಣ್ರಿ" ಅಂದೆ.

ಗೋಡೆಯ ಕ್ಯಾಲೆಂಡರ್ ಇಳಿಸಿದೆವು. ಸಂತೆ, ಮದುವೆ, ಬಿತ್ತನೆ ನೆನಪಿಸಿಕೊಳ್ಳುತ್ತ ಫಿಟ್ಸ್ ಬಂದ ದಿನಕ್ಕೆ ಕುಂಕುಮ, ಗಡಿಯಲ್ಲಿ ತಪಾಸಣೆ ಬಿಗಿಯಾಗಿ ಸೇಂದಿ ಬಾರದ ದಿನಕ್ಕೆ ಅರಿಶಿನ ಹಚ್ಚಿದೆವು. ಅಮಾವಾಸ್ಯೆಗಳು ಹೆಚ್ಚುಕಡಿಮೆ ಖಾಲಿಯೇ ಉಳಿದವು. ಅರಿಶಿನದ ಬೆನ್ನಿಗೇ ಕುಂಕುಮವಿತ್ತು. ಅಭ್ಯಾಸವಾದ ಮೈಗೆ ಸೇಂದಿ ಒಮ್ಮೆಲೇ ತಪ್ಪಿದಾಗ ಫಿಟ್ಸ್ ಬರುತ್ತಿತ್ತು. ಹೆಂಗಸರು ನಾಳೆ ಹಾದಿ ಕಟ್ಟಿದರೆ ಅಣ್ಣನ ಗತಿ ಏನು?

"ನಾಳೆ ಹಾದಿ ಕಟ್ಟಬ್ಯಾಡ್ರಿ, ಚಿಂಚೋಳಿ ಡಾಕ್ಟರಿಗೆ ಕೇಳೂತನಕ ತಡೀರಿ" ಅಂದೆ.

"ಕುಡುಕ್ರಿಗೆ ಇಷ್ಟು ಮೆಹರ್ಬಾನಿ ಯಾಕವ್ವ? ಅವ್ರಾಗ ನಿಮ್ಮಣ್ಣ ಅದಾನಂತೇನು?" ಎಂದರು ಸಂಘದ ಅಧ್ಯಕ್ಷೆ.

"ಹೌದ್ರಿ, ನಮ್ಮಣ್ಣ ಅದಾನಂತನೇ!"

ನನಗೆ ಭಾರಿ ಸಿಟ್ಟು ಬಂದಿತ್ತು. ಅಷ್ಟರಲ್ಲಿ, ಸತ್ತವನ ಹೆಂಡತಿ ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು: "ನಮ್ಮ ಮನಿಯವ್ರಿಗೂ ಹಿಂದಿನ ದಿನ ಸೇಂದಿ ಸಿಕ್ಕಿದ್ದಿಲ್ಲ."

ಅಧ್ಯಕ್ಷೆಯೇ ಮೊದಲು ಎದ್ದರು. ಕ್ಯಾಲೆಂಡರ್ ಸುತ್ತಿಕೊಂಡು ಚಿಂಚೋಳಿಯ ಡಾಕ್ಟರ ಮುಂದೆ ಹರವಿದೆವು. ಅವರು ಊರಿಗೆ ಬಂದು ಗುಳಿಗೆ ಕೊಟ್ಟರು, ಹೆಚ್ಚು ಕುಡಿಯುವವರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅದಾದ ಮೇಲೆಯೇ ಹೆಂಗಸರು ಸೇಂದಿಯವನ ಹಾದಿ ಕಟ್ಟಿದ್ದು. ಆಸ್ಪತ್ರೆಯಲ್ಲಿ ಅಣ್ಣ ನಡುಗಿದ, ಬೆವರಿದ, ನನ್ನನ್ನು ಬಾಯಿಗೆ ಬಂದಂತೆ ಬೈದ. ಫಿಟ್ಸ್ ಮಾತ್ರ ಬರಲಿಲ್ಲ. ಊರಲ್ಲಿ ಯಾರಿಗೂ ಬರಲಿಲ್ಲ. ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮನೆಗೆ ಮರಳಿದ ಅಣ್ಣ ಊಟಕ್ಕೆ ಕೂತು, "ಪುಂಡಿಪಲ್ಯಕ್ಕ ಉಪ್ಪು ಹಾಕೀಯೋ ಇಲ್ಲೋ?" ಎಂದು ಅತ್ತಿಗೆಯ ಮೇಲೆ ರೇಗಿದ. ತಟ್ಟೆಯಲ್ಲಿ ಏನಿದೆಯೆಂದು ಅವನು ನೋಡದೆ ವರ್ಷಗಳೇ ಆಗಿದ್ದವು. ಉಪ್ಪು ತರುತ್ತೇನೆಂದು ಒಳಗೆ ಹೋದ ಅತ್ತಿಗೆ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ನಾನೇ ಹೋಗಿ ಉಪ್ಪು ತಂದು ಬಡಿಸಿದೆ.