ನನಗಿಂತ ಮೊದಲು ಓಣಿಗೆ ಬಂದ ನನ್ನ ದನಿ

ಹಾಲು ಹಾಕುವವನಿಗೆ ಕೆಮ್ಮು ಬರಬಾರದು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಅನಗೋಳದ ಓಣಿಗಳಲ್ಲಿ ಇಷ್ಟು ವರ್ಷ ಹಾಲು ಹಾಕಿದ ನನಗೆ ಅದು ಗೊತ್ತು. ಖಾನಾಪುರದ ಆಚೆಯ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಮೋಟಾರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಎಮ್ಮೆ ಕಟ್ಟಿದೆ, ಮನೆ ಕಟ್ಟಿಸಿದೆ. ನನ್ನ ಹಾಲಿನಲ್ಲಿ ನೀರಿದೆ ಎಂದು ಇವತ್ತಿನ ತನಕ ಯಾರ ಬಾಯಿಂದಲೂ ಅನ್ನಿಸಿಕೊಂಡಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಅಳತೆ ಮುಗಿದ ಮೇಲೆ ಒಂದು ಚೂರು ಹೆಚ್ಚಿಗೆ ಸುರಿಯುವುದು ಹಾಲಿನವರ ರೂಢಿ. ಉಳಿದವರು ಸುಮ್ಮನೆ ಸುರಿಯುತ್ತಾರೆ. ನಾನು ಮಾತ್ರ “ಇದು ಕೂಸಿಂದ್ರೀ” ಎನ್ನುತ್ತೇನೆ, ಮನೆಯಲ್ಲಿ ಕೂಸು ಇರಲಿ ಬಿಡಲಿ. ಒಬ್ಬಂಟಿ ಅಜ್ಜನೊಬ್ಬ “ಇಲ್ಲಿ ಯಾವ ಕೂಸೋ? ನಾನs ಕೂಸೇನು?” ಎಂದು ದಿನಾ ಬೈಯುತ್ತಾನೆ. ಪಾತ್ರೆಯನ್ನು ಮಾತ್ರ ಹಿಂದಕ್ಕೆ ಎಳೆಯುವುದಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಹತ್ತಿತು. ಕಫದಲ್ಲಿ ರಕ್ತ ಕಂಡಾಗ ಸರ್ಕಾರಿ ದವಾಖಾನೆಗೆ ಹೋದೆ. ಟಿ.ಬಿ. ಎಂದರು. ನಾನು ಕೇಳಿದ ಮೊದಲ ಪ್ರಶ್ನೆ ನನ್ನ ಜೀವದ್ದಲ್ಲ, ಹಾಲಿನದು. “ಇದು ಕೆಮ್ಮಿದ ಗಾಳಿಯಿಂದ ಹಬ್ಬತೈತಿ, ಸುರಿದ ಹಾಲಿಂದ ಅಲ್ಲ. ಆದ್ರೂ ಸದ್ಯಕ್ಕ ಮನ್ಯಾಗ ಇರ್ರಿ” ಎಂದರು ಡಾಕ್ಟರು. ಆ ವಾರಗಳಲ್ಲಿ ನನ್ನ ಹೆಂಡತಿಯ ತಮ್ಮ ಹಾಲು ಹಾಕಿದ. ಯಾರಾದರೂ ಕೇಳಿದರೆ “ಅಂವಗ ನಡಾ ಹಿಡದೈತಿ” ಎಂದು ಹೇಳಲು ಅವನಿಗೆ ಕಲಿಸಿದ್ದೆ. ಮತ್ತೆ ಕಫ ಪರೀಕ್ಷೆ ಮಾಡಿ, ಇನ್ನು ನಿಮ್ಮಿಂದ ಯಾರಿಗೂ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ನಾನು ಓಣಿಗೆ ಬಂದದ್ದು. ಗುಳಿಗೆಗಳನ್ನು ಕಡೆಯ ತನಕ ನುಂಗಿದೆ.

ನಮ್ಮ ಕಡೆಯ ಆಶಾ ಕಾರ್ಯಕರ್ತೆ ಬಂದದ್ದು ಆಮೇಲೆ. ಅವಳ ಪಾಲಿಗೆ ಕಾಡಿನೊಳಗಿನ ಗೌಳಿಗರ ವಾಡೆಗಳೂ, ಅಂದರೆ ದನ ಸಾಕುವವರ ಪುಟ್ಟ ಕೇರಿಗಳೂ, ಸೇರಿವೆ. ಅಲ್ಲಿಗೆ ಬಸ್ಸಿಲ್ಲ. ಫೋನು ಹತ್ತಬೇಕೆಂದರೆ ಗುಡ್ಡ ಏರಬೇಕು.

“ಮ್ಯಾಲಿಂದ ಟಿ.ಬಿ. ಬಗ್ಗೆ ವಿಡಿಯೋ ಕಳಸ್ತಾರಣ್ಣಾ. ಅದರಾಗ ಕೋಟು ಹಾಕ್ಕೊಂಡಾಂವ ಮಾತಾಡ್ತಾನ. ನಮ್ಮ ಮಂದಿ ಕೋಟು ನೋಡ್ತಾರ, ಮಾತು ಕೇಳೂದಿಲ್ಲ” ಎಂದಳು. “ನೀ ಹೇಳು. ಹೆಸರು ಬ್ಯಾಡ, ಮುಖಾ ಬ್ಯಾಡ. ದನಿ ಅಷ್ಟ ಸಾಕು.”

“ವಾಡೆಗೋಳಿಗೆ ಅಷ್ಟ. ಅನಗೋಳಕ್ಕ ಬರಬಾರ್ದು ನೋಡು.”

“ಅನಗೋಳದಾವ್ರಿಗೆ ಟಿವಿ ಐತಿ. ನಿನ್ನ ಕೆಮ್ಮು ಯಾರು ಕೇಳ್ತಾರ?”

ನಮ್ಮ ಕೊಟ್ಟಿಗೆಯಲ್ಲೇ ಕೂತು ಅವಳ ಫೋನಿಗೆ ನನ್ನ ಕಥೆ ಹೇಳಿದೆ, ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ನಡುವೆ ಎಮ್ಮೆಯೊಂದು ಕೂಗಿತು. ರಕ್ತ ಕಂಡದ್ದು, ಗುಳಿಗೆ ನುಂಗಿದ ಮೇಲೆ ಮೂತ್ರ ಕೆಂಪಗಾಗಿ ಹೆದರಿದ್ದು, ಮೈ ಚೇತರಿಸಿದಾಗ ಇನ್ನು ಸಾಕೆಂದು ಗುಳಿಗೆ ಬಿಡಲು ಹೊರಟದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು, ನಾನು ಮೈಮರೆತೆ. ಕೊನೆಗೆ ಹೇಳಿದ ಮಾತು ಇದು: “ಆರಾಮ ಆತಂತ ನಡುವ ಬಿಡಬ್ಯಾಡ್ರಿ. ಮೊದಲಿನ ಗುಳಿಗಿ ನಿಮ್ದು. ಕಡೀ ಗುಳಿಗಿ ಐತಲ್ಲ, ಇದು ಕೂಸಿಂದ್ರೀ.”

ಮಾತು ಚೆನ್ನಾಗಿ ಬಂತೆಂದು ಒಳಗೊಳಗೇ ಬೀಗಿದೆ. ಆ ಕೊನೆಯ ಮಾತು ಓಣಿಯಲ್ಲಿ ನನ್ನ ಮುಖದಷ್ಟೇ ಗುರುತಿನದು ಎಂಬುದು ಆಗ ಹೊಳೆಯಲಿಲ್ಲ.

ಕೆಲವು ವಾರ ಕಳೆದವು. ಒಂದು ಮುಂಜಾನೆ ಅನಗೋಳದ ಮೊದಲ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಒಳಗಿನಿಂದ ಎಮ್ಮೆ ಕೂಗಿದ ಸದ್ದು ಬಂತು. ಅದು ನನ್ನದೇ ಎಮ್ಮೆ. ಹಿಂದೆಯೇ ನನ್ನ ದನಿ. ಯಾರೋ ಯಾರಿಗೋ ಕಳಿಸಿ, ಅದು ಓಣಿಯ ಹೆಂಗಸರ ಫೋನಿನ ಗುಂಪಿಗೆ ಬಂದಿತ್ತು. ಮನೆಯಾಕೆ ಪಾತ್ರೆಯನ್ನು ಮೈಯಿಂದ ದೂರ ಚಾಚಿ ಹಿಡಿದಳು, ನನ್ನ ಮುಖ ನೋಡಲಿಲ್ಲ. ಅಳತೆ ಹಾಕುವಾಗ ಹಾಲು ಕಟ್ಟೆಯ ಮೇಲೆ ಚೆಲ್ಲಿತು. ಹೆಚ್ಚಿನ ಚೂರು ಸುರಿದೆ, ಆದರೆ “ಇದು ಕೂಸಿಂದ್ರೀ” ಎನ್ನಲಿಲ್ಲ.

ಮುಂದಿನ ಮನೆಯವರು ಬಾಗಿಲು ಪೂರ್ತಿ ತೆರೆಯದೆ “ನಾಳಿಯಿಂದ ಪಾಕೀಟ ತಗೋತೀವಿ” ಎಂದರು. ಅದರ ಆಚೆಯವರು ಬಾಗಿಲನ್ನೇ ತೆರೆಯಲಿಲ್ಲ. ಅಜ್ಜ ಮಾತ್ರ ಪಾತ್ರೆ ಹಿಡಿದು ನಿಂತಿದ್ದ.

“ನಡಾ ಹಿಡದಿತ್ತಂತ ಹೇಳಿದ್ರಲ್ಲೋ. ನಡದಾಗಿಂದ ಕೆಮ್ಮು ಬರ್ತದೇನು?”

“ಯಾರೋ ನನ್ನಂಗ ಮಾತಾಡ್ಯಾರ್ರೀ” ಎಂದೆ. ಇಷ್ಟು ವರ್ಷ ನೀರು ಬೆರೆಸದ ನಾನು ಆ ಮಾತಿಗೆ ನೀರು ಬೆರೆಸಿದೆ. ಅಜ್ಜ ಹಾಲು ಒಯ್ದ. ಎಲ್ಲರಿಗೂ ಇರುವುದು ಬರೀ ಅನುಮಾನ, ನಾನು ಹೌದೆನ್ನದಿದ್ದರೆ ಅದು ತಾನೇ ಆರುತ್ತದೆ ಎಂದು ಲೆಕ್ಕ ಹಾಕುತ್ತ ಗಾಡಿ ತಳ್ಳಿದೆ.

ಓಣಿಯ ಕೊನೆಯ ಮನೆಯ ಸೊಸೆ ಯಾವಾಗಲೂ ಬಾಯಿಗೆ ಸೆರಗು ಹಿಡಿದೇ ಬರುತ್ತಾಳೆ. ಅದನ್ನು ನಾನು ನಾಚಿಕೆ ಎಂದುಕೊಂಡಿದ್ದೆ. ಅವತ್ತು ಅವಳು ತಿರುಗಿ ಗೋಡೆಯ ಕಡೆಗೆ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿತ್ತು. ಆಳದಿಂದ ಬರುವ, ಬಂದಮೇಲೆ ಮನುಷ್ಯ ಸೆರಗನ್ನೋ ಟವೆಲ್ಲನ್ನೋ ಕದ್ದು ನೋಡಿಕೊಳ್ಳುವ ಕೆಮ್ಮು. ಅವಳ ಕಾಲಿಗೆ ಅವಳ ಸಣ್ಣ ಮಗಳು ಆತುಕೊಂಡಿದ್ದಳು.

“ಕಾಕಾ, ಫೋನಿನ್ಯಾಗ ಬಂದೈತಲ್ಲ, ಆ ದನಿ ನಿಮ್ದೇನ್ರಿ?”

ಎದುರು ಮನೆಯ ಇಬ್ಬರು ಹೆಂಗಸರು ಪಾತ್ರೆ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. ಅಲ್ಲ ಎಂದರೆ ನನ್ನ ಹಾಲಿನ ವ್ಯಾಪಾರ ಉಳಿಯುತ್ತಿತ್ತು. ಆ ಕೂಸು ನನ್ನನ್ನೇ ನೋಡುತ್ತಿತ್ತು.

“ಹೌದವಾ, ನಂದs. ಸರ್ಕಾರಿ ದವಾಖಾನಿಗಿ ಹೋಗು, ಪುಕಟ ನೋಡ್ತಾರ. ನಾಳೆ ಅನಬ್ಯಾಡ. ಕೂಸಿನ್ನೂ ತೋರಸು.”

ಹಿಂದಿದ್ದ ಹೆಂಗಸರು ಹಾಲು ತೆಗೆದುಕೊಳ್ಳದೆ ಮನೆಯೊಳಗೆ ಹೋದರು. ಅವರ ಬಾಗಿಲು ಹಾಕಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮರುದಿನ ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಬಹಳ ಹೊತ್ತು ಕೂತೆ. ಹಾರ್ನ್ ಒತ್ತಲು ಬೆರಳು ಏಳಲೊಲ್ಲದು. ಕೊನೆಗೆ ಒತ್ತಿದೆ. ಒಂದೆರಡು ಬಾಗಿಲು ತೆರೆದವು, ಹಲವು ತೆರೆಯಲಿಲ್ಲ. ಕೊನೆಯ ಮನೆಯಲ್ಲಿ ಸೊಸೆಯ ಬದಲು ಅತ್ತೆ ಪಾತ್ರೆ ತಂದಳು. ಮುಖ ಗಂಟು ಹಾಕಿಕೊಂಡಿತ್ತು.

“ಗಂಡನ್ನ, ಕೂಸಿನ್ನ ಕರಕೊಂಡು ದವಾಖಾನಿಗಿ ಹೋಗ್ಯಾಳ. ಮನೀ ಮರ್ಯಾದಿ ಬೀದಿಗಿ ತಂದಿ ನೀನು. ಅಲ್ಲಿ ಏನೂ ಇಲ್ಲಂತ ಬರಲಿ, ಆಮ್ಯಾಲ ನಿನ್ನ ನೋಡ್ತೀನಿ.”

ಏನೂ ಇರದಿರಲಿ ಎಂದೇ ನಾನೂ ಬೇಡಿಕೊಳ್ಳುತ್ತಿದ್ದೆ. ಅಳತೆ ಹಾಕಿ ಕ್ಯಾನಿನ ಮುಚ್ಚಳ ಮುಚ್ಚಲು ಹೋದೆ. ಅವಳು ಪಾತ್ರೆ ಹಿಡಿದೇ ನಿಂತಿದ್ದಳು.

“ಕೂಸಿಂದು ಎಲ್ಲೈತಿ?” ಎಂದಳು.

ಸುರಿದೆ. ಬಾಯಿ ತೆರೆಯುವಾಗ ಎದುರು ಮನೆಯ ಕಿಟಕಿಯ ಪರದೆ ಸರಿದದ್ದು ಕಂಡಿತು. ಆದರೂ ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.