ಅಪ್ಪನ ಗಾಡಿಗೊಂದು ಸಣ್ಣ ಫಿಲ್ಟರ್

ನಾಗಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತವರಿಗೆ ಹೋದಂತೆಯೇ ಅಲ್ಲ. ಸೋಲಾಪುರದಿಂದ ಕರಜಗಿಗೆ ಎಸ್‌ಟಿ ಬಸ್ಸಿದೆ, ನನ್ನ ಗಂಡನ ಸ್ಕೂಟರ್ ಇದೆ. ಆದರೂ ನಾನು ಚೀಲ ತುಂಬಿಕೊಂಡು ಬಾಗಿಲಲ್ಲಿ ಕಾಯುವುದು ಅಣ್ಣನನ್ನು. ನಿಜ ಹೇಳಬೇಕೆಂದರೆ, ಅವನಿಗಿಂತ ಹೆಚ್ಚಾಗಿ ಅವನು ತರುವ ಅಪ್ಪನ ಹಳೆಯ ಮೋಟರ್ ಸೈಕಲ್ಲನ್ನು. ಅಪ್ಪ ಈಗಿಲ್ಲ. ಹೊಲದ ದಾರಿಯಲ್ಲಿ ನನಗೆ ಗಾಡಿ ಕಲಿಸಿದ್ದು ಅದರ ಮೇಲೆಯೇ. ಓಣಿಯ ತಿರುವಿನಲ್ಲಿ ಅದರ ಸದ್ದು ಕೇಳಿದರೆ ನನಗೆ ಹಬ್ಬ ಶುರುವಾಗುತ್ತದೆ.

ಕಳೆದ ಪಂಚಮಿಗೆ ಆ ಸದ್ದು ಕೆಮ್ಮುತ್ತಾ ಬಂತು. ಮನೆ ಮುಂದೆ ಬಂದಿದ್ದೇ ತಡ, ಬಂದ್ ಬಿತ್ತು. ದಾರಿಯುದ್ದಕ್ಕೂ ಕಿಕ್ ಹೊಡೆದು ಸುಸ್ತಾಗಿದ್ದ ಅಣ್ಣ ನೀರು ಕುಡಿಯುವ ಮೊದಲೇ ತೀರ್ಪು ಕೊಟ್ಟ.

“ಇನ್ನೊಮ್ಮಿ ದಾರ್ಯಾಗ ನಿಂತಿತಂದ್ರ ಅಕ್ಕಲಕೋಟದ ಗುಜರಿ ಅಂಗಡಿಗಿ ಹಾಕಿಬಿಡ್ತೀನಿ.”

ಗುಜರಿಯವನ ಜೊತೆ ಮಾತೂ ಆಗಿತ್ತಂತೆ. ನನಗೆ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನ ಜಗಳ ಬೇಡವೆಂದು ಗಾಡಿಯ ಪಕ್ಕ ಕೂತು ನೋಡಿದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಇಳಿಯುವ ಪೈಪಿನ ನಡುವಿನ ಪುಟ್ಟ ಪ್ಲಾಸ್ಟಿಕ್ ಫಿಲ್ಟರಿನಲ್ಲಿ ಟ್ಯಾಂಕಿನ ತುಕ್ಕು ಕಟ್ಟಿ ಕಪ್ಪಾಗಿತ್ತು. ಬೆರಳಿನಷ್ಟು ಸಾಮಾನಿಗಾಗಿ ಇಡೀ ಗಾಡಿಗೆ ಗುಜರಿಯ ಶಿಕ್ಷೆ!

ಅದನ್ನು ಕಿತ್ತು ಕಾಗದದಲ್ಲಿ ಸುತ್ತಿಕೊಂಡು ಹತ್ತಿರದ ಸ್ಪೇರ್‌ಪಾರ್ಟ್ ಅಂಗಡಿಗೆ ಹೋದೆವು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಎರಡು ಫಿಲ್ಟರ್ ಇಟ್ಟು ಮರಾಠಿಯಲ್ಲಿ ಯಾವುದು ಬೇಕೆಂದು ಕೇಳಿದ. ಒಂದು ನಮ್ಮದರಂತೆಯೇ ಸಣ್ಣದು, ಒಳಗೆ ಬರೀ ಜಾಲರಿ. ಇನ್ನೊಂದು ಕಾರಿನದು, ದಪ್ಪ, ಒಳಗೆ ಒತ್ತಾಗಿ ಮಡಚಿದ ಕಾಗದ. ಅಣ್ಣನ ಕೈ ನೇರ ದಪ್ಪದ್ದರ ಮೇಲೆಯೇ ಬಿತ್ತು. ಹೊಲಕ್ಕೆ ಹನಿ ನೀರುಣಿಸುವ ಡ್ರಿಪ್ಪಿಗೂ ದೊಡ್ಡ ಫಿಲ್ಟರನ್ನೇ ಕೂಡಿಸಿದ್ದನಂತೆ, ಇವತ್ತಿನವರೆಗೆ ಕಸ ಕಟ್ಟಿಲ್ಲವಂತೆ. ನಮ್ಮ ಊರಿನವರಿಗೆ ಡ್ರಿಪ್ ಬಂದಾಗಿನಿಂದ ಲೋಕವೆಲ್ಲ ಡ್ರಿಪ್ಪೇ.

“ಅಣ್ಣಾ, ಡ್ರಿಪ್ಪಿಗಿ ಹಿಂದಿಂದ ಮೋಟರ್ ನೂಕ್ತದ. ಇಲ್ಲಿ ಯಾರು ನೂಕ್ತಾರ? ಪೆಟ್ರೋಲ್ ತಾನ ಇಳೀಬೇಕು,” ಎಂದೆ.

ದಪ್ಪ ಬಟ್ಟೆಯಲ್ಲಿ ಚಹಾ ಸೋಸಿ ನೋಡು ಎಂದೂ ಹೇಳಿದೆ. ಅವನು ಕೇಳಲಿಲ್ಲ. ಅಂಗಡಿಯವನು ಯಾರ ದನಿ ದೊಡ್ಡದೋ ಅವರಿಗೆ ಕೊಟ್ಟ. ಅಣ್ಣ ಗಾಡಿಯ ಕಡೆ ಹೋದಾಗ ನಾನು ಸಣ್ಣದನ್ನೂ ತೆಗೆದುಕೊಂಡು, ಮನೆಗೆ ಬಂದು, ಚೀಲದಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ಬಳೆಗಳ ಡಬ್ಬಿಯಲ್ಲಿ ಬಚ್ಚಿಟ್ಟೆ.

ದಪ್ಪ ಫಿಲ್ಟರ್ ಕೂಡಿಸಿಕೊಂಡು ಹೊರಟೆವು. ಮೊದಲಿಗೆ ಗಾಡಿ ಮದುವಣಿಗನ ಕುದುರೆಯ ಹಾಗೆ ಓಡಿತು. ಅಣ್ಣ ಹಾಡು ಗುನುಗಿದ. ಕುಂಭಾರಿ ಹತ್ತಿರ ಹಾಡೂ ನಿಂತಿತು, ಗಾಡಿಯೂ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಚಾಲೂ ಆಗುತ್ತಿತ್ತು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಸಾಯುತ್ತಿತ್ತು. ಅಣ್ಣ ಮೊಬೈಲ್ ತೆಗೆದ. ಗುಜರಿಯವನಿಗೇ ಎಂದು ನನಗೆ ಗೊತ್ತಾಯಿತು.

“ಫೋನ್ ಇಡು. ಒಂದ ಸಲ ನನ್ನ ಮಾತು ಕೇಳು,” ಎಂದು ಬಳೆ ಡಬ್ಬಿ ಬಿಚ್ಚಿದೆ.

ಟ್ಯಾಂಕಿನ ಕಾಕ್ ಬಂದ್ ಮಾಡಿ, ದಪ್ಪದ್ದನ್ನು ಕಿತ್ತು, ಸಣ್ಣದರ ಮೇಲಿನ ಬಾಣದ ಗುರುತನ್ನು ಕಾರ್ಬ್ಯುರೇಟರ್ ಕಡೆಗಿಟ್ಟು ಕೂಡಿಸಿದೆ. ಕಾಕ್ ತಿರುಗಿಸಿದರೆ ಪೆಟ್ರೋಲ್ ಸಲೀಸಾಗಿ ಇಳಿದು ಫಿಲ್ಟರ್ ತುಂಬಿದ್ದು ಕಣ್ಣಿಗೇ ಕಾಣಿಸಿತು. ಒಂದೇ ಕಿಕ್ಕಿಗೆ ಗಾಡಿ ಗುಡುಗಿತು. ನನಗೆ ಕುಣಿಯುವಷ್ಟು ಖುಷಿ. ಅಣ್ಣ ತಲೆ ಕೆರೆದುಕೊಂಡ. ಆಮೇಲೆ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತುಬಿಟ್ಟ.

ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಗಾಡಿ ಹೊಡೆದೆ. ರಸ್ತೆಯ ಎರಡೂ ಕಡೆ ತೊಗರಿ ಹಸಿರಾಗಿತ್ತು. ಅಕ್ಕಲಕೋಟದಲ್ಲಿ ಗುಜರಿ ಅಂಗಡಿ ಬಂತು; ಬೇಕೆಂದೇ ಗಾಡಿ ನಿಧಾನ ಮಾಡಿದೆ. ಹಿಂದಿನಿಂದ ಅಣ್ಣ ಮೆಲ್ಲಗೆ ಹೇಳಿದ.

“ನಿಂದರಸಬ್ಯಾಡ. ಹೊಡಿ.”

ಕರಜಗಿಯ ನಮ್ಮ ಬಾಗಿಲಲ್ಲಿ ಜೋಕಾಲಿ ಕಟ್ಟಿಸುತ್ತಿದ್ದ ಅವ್ವ ನಮ್ಮನ್ನು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಈ ಸಲ ಪಂಚಮಿಗಿ ಯಾರು ಯಾರ್ನ ಕರಕೊಂಡ ಬಂದೀರಿ?”

ಅಣ್ಣ ಇಳಿದು ಟ್ಯಾಂಕಿನ ಮೇಲೆ ಕೈಯಿಟ್ಟ.

“ಅಪ್ಪನ ಗಾಡಿ ಇಬ್ಬರ್ನೂ ಕರಕೊಂಡ ಬಂದದ ನೋಡವ್ವಾ.”